ನಿರಾಶ್ರಿತರಿಗೆ ಅಕ್ಕಿ, ಬಟ್ಟೆ ಕಳಿಸೋಣವೆಂದರೆ ‘ದುಡ್ಡೇ ಕೊಡಿ’ ಎನ್ನುತ್ತಾರಲ್ಲ, ಏಕೆ?

ಹತ್ತಿರದ ಅಂಗಡಿಯಲ್ಲಿ ಸಾಮಾನು ಸಿಗುವ ಕಡೆ ದುಡ್ಡೇ ಹೆಚ್ಚು ಉಪಯೋಗಕ್ಕೆ ಬರುತ್ತದೆ, ಅದಕ್ಕೆ. ಲಾರಿ, ಹಡಗು, ಗೋದಾಮಿನ ಖರ್ಚು ಉಳಿಯುತ್ತದೆ, ಸರಿ. ಅದಕ್ಕಿಂತ ದೊಡ್ಡ ಕಾರಣ ಅಲ್ಲಿನ ಮಾರುಕಟ್ಟೆ. ನಮ್ಮ ಕೋಲಾರದ ಎಪಿಎಂಸಿಗೆ ಲೋಡುಗಟ್ಟಲೆ ಟೊಮೆಟೊ ಒಮ್ಮೆಲೇ ಬಂದ ದಿನ 15 ಕೆ.ಜಿ. ಬಾಕ್ಸಿನ ರೇಟು ಏನಾಗುತ್ತದೆಂದು ನೋಡಿದ್ದೀರಲ್ಲ? ಹೊರಗಿನಿಂದ ಪುಕ್ಕಟೆ ಅಕ್ಕಿ, ಬೇಳೆ ತಂದು ಸುರಿದರೆ ಅಲ್ಲಿನ ರೈತನಿಗೂ ಅಂಗಡಿಯವನಿಗೂ ಅದೇ ಗತಿ. ದುಡ್ಡು ಕೊಟ್ಟರೆ ಅದು ಅವರ ಗಲ್ಲಾಕ್ಕೇ ಹೋಗುತ್ತದೆ. ಕುಟುಂಬಕ್ಕೂ ಹಾಲಿನ ಪುಡಿಯೋ ಎಣ್ಣೆಯೋ, ತನಗೆ ಬೇಕಾದ್ದು ಸಿಗುತ್ತದೆ.

ಜೋರ್ಡಾನಿನ ಜಾತರಿ ಶಿಬಿರದಲ್ಲಿ 2016ರಿಂದ ಸಿರಿಯಾದ ನಿರಾಶ್ರಿತರು ಅಂಗಡಿ ಕೌಂಟರಿನಲ್ಲಿ ಕಣ್ಣು ಸ್ಕ್ಯಾನ್ ಮಾಡಿಸಿ ಸಾಮಾನು ಕೊಳ್ಳುವ ವ್ಯವಸ್ಥೆ ಬಂತು. ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ಅವರ ಹೆಸರಿಗೆ ಹಾಕಿದ ಮೊತ್ತದಲ್ಲಿ ಬಿಲ್ ಕಳೆಯುತ್ತಿತ್ತು.

ಮುತ್ತಿಗೆಯಿಂದ ಅಂಗಡಿಗಳೇ ಖಾಲಿಯಾದ ಊರಲ್ಲಿ ಈ ಲೆಕ್ಕ ನಡೆಯದು. ಅಲ್ಲಿಗೆ ಹಿಟ್ಟು, ಔಷಧವನ್ನೇ ಸಾಗಿಸಬೇಕು. ಹಳೇ ಬಟ್ಟೆ ಮಾತ್ರ ದಯವಿಟ್ಟು ಬೇಡ. 2004ರ ಸುನಾಮಿ ಆದಮೇಲೆ ತಮಿಳುನಾಡಿನ ಕರಾವಳಿಯಲ್ಲಿ ಯಾರಿಗೂ ಬೇಡವಾದ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ಬಿದ್ದಿತ್ತು.