ರೋಸ್ಟರ್‌ ಕಟ್ಟಳೆಯೊಳಗೆ ಪಿಸ್ತೂಲಿನ ಸುಧಾರಣೆ: ಯಾವುದು ಸಾಧ್ಯ, ಯಾವುದು ಅಪರಾಧ?

ಪ್ರಶ್ನೆ: ನಾನು ಮೂಲತಃ ಕೊಡಗಿನವನು. ಹಲವು ವರ್ಷಗಳಿಂದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಬಳಿ ನೆಲೆಸಿದ್ದೇನೆ. ಗ್ರೀನ್‌ ಕಾರ್ಡ್‌ ಬಂದ ಮೇಲೆ ಅಂಗಡಿಯಲ್ಲಿ ಗ್ಲಾಕ್‌ 19ರ ಜೆನ್‌ 3 (ಮೂರನೆಯ ತಲೆಮಾರಿನ) ಪಿಸ್ತೂಲನ್ನು ಕೊಂಡೆ. ಟೆಕ್ಸಾಸ್‌ನಲ್ಲಿರುವ ತಮ್ಮನ ಬಳಿ ಇದರದೇ ಜೆನ್‌ 5 ಇದೆ. ಅದು ನನ್ನ ಕೈಗೆ ಚೆನ್ನಾಗಿ ಕೂರುತ್ತದೆ, ರೆಡ್‌ ಡಾಟ್‌ (ಗುರಿಯ ಮೇಲೆ ಕೆಂಪು ಚುಕ್ಕೆ ತೋರಿಸುವ ಸೈಟ್‌) ಕೂರಿಸಲು ಜಾಗವೂ ಇದೆ. ಅದನ್ನು ನನಗೇ ಕೊಡುತ್ತೇನೆ ಎನ್ನುತ್ತಾನೆ. ತೆಗೆದುಕೊಳ್ಳಬಹುದೇ? ಇಲ್ಲವಾದರೆ ನನ್ನ ಪಿಸ್ತೂಲಿಗೇ ರೆಡ್‌ ಡಾಟ್‌, ಹಗುರ ಟ್ರಿಗರ್‌, ದೊಡ್ಡ ಮ್ಯಾಗಜಿನ್‌, ಗುಂಡು ಹಾರುವಾಗ ಪಿಸ್ತೂಲು ಮೇಲೇಳುವುದನ್ನು ತಗ್ಗಿಸುವ ಕಾಂಪೆನ್ಸೇಟರ್‌ ಹಾಕಿಸಬಹುದೇ?

ಉತ್ತರ: ತಮ್ಮನಿಂದ ನೇರವಾಗಿ ತೆಗೆದುಕೊಳ್ಳಬೇಡಿ. ಬೇರೆ ಬೇರೆ ರಾಜ್ಯಗಳಲ್ಲಿ ವಾಸಿಸುವ, ಲೈಸೆನ್ಸ್‌ ಇಲ್ಲದ ಇಬ್ಬರು ಡೀಲರ್‌ ಮೂಲಕವಲ್ಲದೆ ಪಿಸ್ತೂಲನ್ನು ಕೈ ಬದಲಿಸುವುದು ಅಮೆರಿಕದ ಫೆಡರಲ್‌ ಕಾನೂನಿನಲ್ಲೇ ಅಪರಾಧ; ಉಡುಗೊರೆಯಾದರೂ ಅಷ್ಟೇ. ಇನ್ನು ನಿಮ್ಮ ಊರಿನ ಡೀಲರ್‌ಗೆ ಕಳುಹಿಸಿದರೆ, ಆ ಮಾದರಿ ರಾಜ್ಯದ ರೋಸ್ಟರ್‌ನಲ್ಲಿ, ಅಂದರೆ ಮಾರಾಟಕ್ಕೆ ಒಪ್ಪಿಗೆ ಪಡೆದ ಪಿಸ್ತೂಲು ಮಾದರಿಗಳ ಪಟ್ಟಿಯಲ್ಲಿ, ಇಲ್ಲದ ಕಾರಣ ಅವರು ಅದನ್ನು ನಿಮ್ಮ ಕೈಗೆ ಕೊಡುವಂತಿಲ್ಲ. ಇಲ್ಲಿ ಅನೇಕರು ಎಡವುವ ಒಂದು ಸೂಕ್ಷ್ಮವಿದೆ. ಕುಟುಂಬದೊಳಗಿನ ವರ್ಗಾವಣೆಗೆ ರೋಸ್ಟರ್‌ನಿಂದ ವಿನಾಯಿತಿ ಇರುವುದು ನಿಜ, ಆದರೆ ಆ ಕಾನೂನಿನ ಲೆಕ್ಕದಲ್ಲಿ ಕುಟುಂಬವೆಂದರೆ ಹೆತ್ತವರು ಮತ್ತು ಮಕ್ಕಳು, ಅಜ್ಜ ಅಜ್ಜಿ ಮತ್ತು ಮೊಮ್ಮಕ್ಕಳು, ಗಂಡ ಮತ್ತು ಹೆಂಡತಿ ಮಾತ್ರ. ಒಡಹುಟ್ಟಿದವರು ಅದರಲ್ಲಿ ಬರುವುದಿಲ್ಲ. ಅದೇ ಪಿಸ್ತೂಲನ್ನು ಟೆಕ್ಸಾಸ್‌ನಲ್ಲಿರುವ ತಂದೆ ಡೀಲರ್‌ ಮೂಲಕ ಕೊಟ್ಟರೆ ಬರುತ್ತದೆ, ತಮ್ಮ ಕೊಟ್ಟರೆ ಬರುವುದಿಲ್ಲ. ನಿಮ್ಮ ತಮ್ಮ ಮುಂದೊಂದು ದಿನ ನಿಜವಾಗಿಯೇ ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿದರೆ ಮಾತು ಬೇರೆ: ತನ್ನ ಪಿಸ್ತೂಲನ್ನು ಜೊತೆಗೆ ತಂದು 60 ದಿನಗಳೊಳಗೆ ರಾಜ್ಯದ ನ್ಯಾಯ ಇಲಾಖೆಗೆ ವರದಿ ಸಲ್ಲಿಸಬಹುದು, ಆಮೇಲೆ ಬೇಕಾದರೆ ಡೀಲರ್‌ ಎದುರಿನಲ್ಲಿ ಖಾಸಗಿ ವರ್ಗಾವಣೆಯಾಗಿ ನಿಮಗೆ ಮಾರಲೂಬಹುದು. ಅಂಥ ವರ್ಗಾವಣೆಗೂ ರೋಸ್ಟರ್‌ ಅಡ್ಡ ಬರುವುದಿಲ್ಲ.

ಈ ರೋಸ್ಟರ್‌ ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ ಎಂಬುದು ತಿಳಿದರೆ ನಿಮ್ಮ ಉಳಿದ ಪ್ರಶ್ನೆಗಳು ಅರ್ಧ ಬಗೆಹರಿದಂತೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯದ ಭೂಮಿ) ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು, 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದ ಆ ವಿನಾಯಿತಿಯನ್ನು, ನೀವು ಬಲ್ಲಿರಿ. ಅದು ಕೋವಿ ಹಿಡಿಯುವ ಮನುಷ್ಯನನ್ನು ನೋಡಿ ಕೊಟ್ಟದ್ದು. ಕ್ಯಾಲಿಫೋರ್ನಿಯಾದಲ್ಲಿ ಕೊಳ್ಳುವವನ ಹಿನ್ನೆಲೆಯನ್ನು ತಪಾಸಣೆ ಮಾಡಿದ ಮೇಲೂ ಪಿಸ್ತೂಲಿನ ಮಾದರಿಯನ್ನು ಬೇರೆಯಾಗಿ ತೂಗಿ ನೋಡುತ್ತಾರೆ. 2001ರ ಜನವರಿ 1ರಿಂದ ಜಾರಿಯಲ್ಲಿರುವ ಅಸುರಕ್ಷಿತ ಪಿಸ್ತೂಲು ಕಾಯ್ದೆಯಂತೆ, ಬೀಳಿಸುವ ಪರೀಕ್ಷೆಯಲ್ಲೂ 600 ಗುಂಡುಗಳ ಪರೀಕ್ಷೆಯಲ್ಲೂ ತೇರ್ಗಡೆಯಾದ ಮಾದರಿ ಮಾತ್ರ ಪಟ್ಟಿಗೆ ಬರುತ್ತದೆ. ಚೇಂಬರಿನಲ್ಲಿ ಗುಂಡಿದೆಯೆಂದು ತೋರಿಸುವ ಸೂಚಕವನ್ನೂ, ಮ್ಯಾಗಜಿನ್‌ ಹೊರತೆಗೆದಾಗ ಗುಂಡು ಹಾರದಂತೆ ತಡೆಯುವ ಏರ್ಪಾಡನ್ನೂ ಹೊಸ ಮಾದರಿಗಳಿಗೆ ಆಮೇಲೆ ಕಡ್ಡಾಯ ಮಾಡಲಾಯಿತು. ಗುಂಡಿನ ಖಾಲಿ ಕವಚದ ಮೇಲೆ ಗುರುತು ಒತ್ತುವ ಮೈಕ್ರೋಸ್ಟ್ಯಾಂಪಿಂಗ್‌ ಷರತ್ತು 2013ರ ಮೇ ತಿಂಗಳಲ್ಲಿ ಜಾರಿಗೆ ಬಂದ ಮೇಲಂತೂ ಸುಮಾರು ಒಂದು ದಶಕ ಹೊಸ ಸೆಮಿ-ಆಟೊಮ್ಯಾಟಿಕ್‌ ಮಾದರಿಗಳಿಗೆ ಬಾಗಿಲು ಮುಚ್ಚಿಹೋಯಿತು. 2023ರ ಮಾರ್ಚ್‌ನಲ್ಲಿ ಫೆಡರಲ್‌ ನ್ಯಾಯಾಲಯವೊಂದು ಈ ಮೂರೂ ಷರತ್ತುಗಳಿಗೆ ತಡೆ ಕೊಟ್ಟಿತಾದರೂ, ಮೇಲ್ಮನವಿಯ ಹಂತದಲ್ಲಿ ಮೊದಲ ಎರಡು ಉಳಿದುಕೊಂಡವು. ಗ್ಲಾಕ್‌ನ ಜೆನ್‌ 5ರಲ್ಲಿ ಮ್ಯಾಗಜಿನ್‌ ತೆಗೆದಾಗ ತಡೆಯುವ ಏರ್ಪಾಡು ಇಲ್ಲ, ಆದ್ದರಿಂದ ಅದು ಹೊರಗುಳಿದಿದೆ. ನಿಮ್ಮ ಜೆನ್‌ 3ರಲ್ಲೂ ಅದಿಲ್ಲ, ಆದರೆ ಅದು ಹಳೆಯ ನಿಯಮದ ಕಾಲದಲ್ಲೇ ಒಳಗೆ ಬಂದದ್ದು. ಹೊಸತೂ ಉತ್ತಮವೂ ಆದ ಮಾದರಿಯನ್ನು ಅಸುರಕ್ಷಿತವೆಂದು ಕರೆದು ಹಳೆಯದನ್ನೇ ಮಾರಿಸುವ ಈ ಏರ್ಪಾಡು ನನಗೆ ಸರಿಯೆನಿಸಿಲ್ಲ. ಆದರೂ ಕಾನೂನು ಇರುವವರೆಗೆ ಅದರ ಅಕ್ಷರವನ್ನು ಓದಿಕೊಂಡೇ ನಡೆಯಬೇಕು.

ಆ ಅಕ್ಷರ ಹೇಳುವುದಿಷ್ಟು: ಪಟ್ಟಿಯಲ್ಲಿಲ್ಲದ ಪಿಸ್ತೂಲನ್ನು ತಯಾರಿಸುವುದು, ಮಾರಲು ತರುವುದು, ಮಾರುವುದು, ಕೊಡುವುದು, ಎರವಲು ನೀಡುವುದು ಅಪರಾಧ, ಒಂದು ವರ್ಷದವರೆಗೆ ಜೈಲಾಗಬಹುದು. ಇಟ್ಟುಕೊಂಡಿರುವುದು ಆ ಸಾಲಿನಲ್ಲಿ ಇಲ್ಲ. ಜೊತೆಗೆ, ಕಾನೂನಿನ ಕಣ್ಣಿಗೆ ಪಿಸ್ತೂಲು ಎಂದರೆ ಸರಣಿ ಸಂಖ್ಯೆ ಹೊತ್ತ ಫ್ರೇಮ್‌, ಅಂದರೆ ಹಿಡಿಕೆಯಿರುವ ಕೆಳಮೈ. ಸ್ಲೈಡ್‌ (ಹಿಂದೆ ಮುಂದೆ ಜಾರುವ ಮೇಲ್ಭಾಗ), ಬ್ಯಾರೆಲ್‌ (ನಳಿಕೆ), ಟ್ರಿಗರ್‌, ಸೈಟ್‌ (ಗುರಿ ಹಿಡಿಯುವ ಸಾಧನ) ಇವೆಲ್ಲ ಬಿಡಿಭಾಗಗಳು. ನ್ಯಾಯವಾಗಿ ಕೊಂಡ ಫ್ರೇಮ್‌ ನಿಮ್ಮ ಬಳಿ ಇರುವುದರಿಂದ ಬಹುಪಾಲು ಸುಧಾರಣೆ ಅದರ ಸುತ್ತಲೇ ಸಾಧ್ಯ.

ಮೊದಲು ಹಿಡಿಕೆ. ಜೆನ್‌ 3ರ ಮುಂಭಾಗದಲ್ಲಿ ಬೆರಳುಗಳ ನಡುವೆ ಕೂರುವ ಉಬ್ಬುಗಳು ಎಲ್ಲರ ಬೆರಳಿಗೂ ಹೊಂದುವುದಿಲ್ಲ; ನಿಮ್ಮ ತೊಂದರೆಯೂ ಅದೇ ಇರಬೇಕು. ಆ ಉಬ್ಬುಗಳನ್ನು ಅನುಭವಿ ಗನ್‌ಸ್ಮಿತ್‌ ಒಬ್ಬರಿಂದ ಉಜ್ಜಿಸಿ ಸಮಮಾಡಿಸಬಹುದು. ಫ್ರೇಮಿನ ಕೆಳಮೈಯಲ್ಲಿ, ಟ್ರಿಗರ್‌ ಗಾರ್ಡ್‌ನ ಮುಂದೆ ಕೂರಿಸಿರುವ ಸರಣಿ ಸಂಖ್ಯೆಯ ಲೋಹದ ಪಟ್ಟಿಗೆ ಮಾತ್ರ ಗೀರೂ ಬೀಳಬಾರದು; ಅದನ್ನು ಅಳಿಸುವುದು ಬೇರೆಯೇ ಗಂಭೀರ ಅಪರಾಧ.

ರೆಡ್‌ ಡಾಟ್‌ಗೆ ನಿಮ್ಮ ಸ್ಲೈಡನ್ನೇ ಕೊರೆಸಬಹುದು. ಸ್ಲೈಡ್‌ ಮಾತ್ರವಾದ್ದರಿಂದ ಯಂತ್ರಾಗಾರಕ್ಕೆ ಅಂಚೆಯಲ್ಲೂ ಕಳುಹಿಸಬಹುದು. ವಾಪಸು ಬಂದ ಮೇಲೆ ತಿರುಪುಗಳನ್ನು ತಯಾರಕರು ಹೇಳಿದಷ್ಟೇ ಬಿಗಿಮಾಡಿ, ತಿರುಪಿನ ತಲೆಯಿಂದ ಸೈಟಿನ ಮೈವರೆಗೆ ಉಗುರುಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ನನ್ನ ಬಳಿ ತರಬೇತಿಗೆ ಬಂದ ಒಬ್ಬರು ಮಧ್ಯಾಹ್ನದಿಂದ ಗುರಿ ಎಡಕ್ಕೆ ಸರಿಯುತ್ತಿದೆಯೆಂದು ತಮ್ಮ ಕೈಯನ್ನೇ ದೂರುತ್ತಿದ್ದರು. ಸೈಟನ್ನು ಬೆಳಕಿಗೆ ಹಿಡಿದು ನೋಡಿದರೆ ಆ ಬಿಳಿ ಗೆರೆ ಅಕ್ಕಿಕಾಳಿನಷ್ಟು ತುಂಡಾಗಿತ್ತು, ತಿರುಪು ಸಡಿಲವಾಗಿತ್ತು. ಅಷ್ಟು ಖರ್ಚು ಬೇಡವೆಂದರೆ ಕಾರ್ಖಾನೆಯ ಪ್ಲಾಸ್ಟಿಕ್‌ ಸೈಟನ್ನು ತೆಗೆದು ಕತ್ತಲಲ್ಲಿ ಹೊಳೆಯುವ ಉಕ್ಕಿನ ಟ್ರಿಟಿಯಂ ಸೈಟ್‌ ಹಾಕಿಸಿ. ಟ್ರಿಟಿಯಂನ ಅರ್ಧಾಯುಷ್ಯ ಸುಮಾರು 12 ವರ್ಷ, ಆದ್ದರಿಂದ ಹಳೆಯ ದಾಸ್ತಾನು ಕೊಳ್ಳಬೇಡಿ. ಸುಧಾರಣೆಗಳಲ್ಲೆಲ್ಲ ಮೊದಲು ಹಣ ಹಾಕಬೇಕಾದದ್ದು ಸೈಟಿಗೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಟ್ರಿಗರ್‌ ಬದಲಿಸುವುದಕ್ಕೆ ನಿಷೇಧವಿಲ್ಲ, ಒಂದೇ ಒತ್ತಿಗೆ ಹಲವು ಗುಂಡು ಹಾರಿಸುವ ಸಾಧನಗಳಿಗೆ ಮಾತ್ರ ಇದೆ. ಪಿಸ್ತೂಲನ್ನು ಪೂರ್ಣ ಆಟೊಮ್ಯಾಟಿಕ್‌ ಮಾಡುವ ಸ್ವಿಚ್‌ ಫೆಡರಲ್‌ ಕಾನೂನಿನಲ್ಲಿ ತಾನೇ ಒಂದು ಮೆಷಿನ್‌ಗನ್‌, ಅದರ ಹತ್ತಿರವೂ ಸುಳಿಯಬೇಡಿ. ಮನೆಯ ರಕ್ಷಣೆಗೆ ಇಟ್ಟ ಪಿಸ್ತೂಲಾದರೆ ಕಾರ್ಖಾನೆಯ ಸುಮಾರು ಎರಡೂವರೆ ಕಿಲೋ ಎಳೆತವನ್ನು ಇಳಿಸದಿರುವುದೇ ಲೇಸು. ಅಡ್ಡಾಡುವಾಗ ಒಯ್ಯುವ ಪರವಾನಗಿ ನಿಮ್ಮಲ್ಲಿದ್ದರೆ, ಅದರಲ್ಲಿ ಈ ಪಿಸ್ತೂಲಿನ ಸರಣಿ ಸಂಖ್ಯೆಯೇ ನಮೂದಾಗಿರುತ್ತದೆ. ಮಾರ್ಪಾಡಿನ ಬಗ್ಗೆ ಅದರಲ್ಲಿ ಷರತ್ತಿದೆಯೇ ಎಂದು ಓದಿಯೇ ಕೈಹಾಕಿ.

ಇನ್ನುಳಿದ ಎರಡೂ ಬಯಕೆಗಳನ್ನು ಬಿಟ್ಟುಬಿಡಿ. ಕ್ಯಾಲಿಫೋರ್ನಿಯಾದಲ್ಲಿ 10 ಗುಂಡಿಗಿಂತ ದೊಡ್ಡ ಮ್ಯಾಗಜಿನ್‌ ನಿಷಿದ್ಧ. 2025ರ ಮಾರ್ಚ್‌ನಲ್ಲಿ ಒಂಬತ್ತನೇ ಸರ್ಕ್ಯೂಟ್‌ ಫೆಡರಲ್‌ ಮೇಲ್ಮನವಿ ನ್ಯಾಯಾಲಯದ ವಿಸ್ತೃತ ಪೀಠ ಈ ನಿಷೇಧವನ್ನು ಎತ್ತಿಹಿಡಿದಿದೆ. ಮ್ಯಾಗಜಿನ್ನಿನ ತಳಕ್ಕೆ ಸಿಕ್ಕಿಸುವ ಎರಡು ಗುಂಡಿನ ವಿಸ್ತರಣೆ ನೋಡಲು ಚಿಕ್ಕ ಪ್ಲಾಸ್ಟಿಕ್‌ ತುಂಡು, ಆದರೆ ಹತ್ತರ ಮ್ಯಾಗಜಿನ್‌ಗೆ ಅದನ್ನು ಹಾಕಿದ ಕ್ಷಣ ನಿಮ್ಮ ಕೈಯಲ್ಲಿರುವುದು ಹನ್ನೆರಡರದ್ದು. ಕಾಂಪೆನ್ಸೇಟರ್‌ ಕೂರಿಸಲು ಸಾಮಾನ್ಯವಾಗಿ ತುದಿಯಲ್ಲಿ ತಿರುಪಿನ ಸುತ್ತುಗಳಿರುವ (ಥ್ರೆಡೆಡ್‌) ಬ್ಯಾರೆಲ್‌ ಬೇಕು. ಬಿಡಿಸಬಹುದಾದ ಮ್ಯಾಗಜಿನ್‌ ಇರುವ ಸೆಮಿ-ಆಟೊಮ್ಯಾಟಿಕ್‌ ಪಿಸ್ತೂಲಿಗೆ ಫ್ಲ್ಯಾಶ್‌ ಸಪ್ರೆಸರ್‌ (ಗುಂಡು ಹಾರುವಾಗಿನ ಬೆಳಕು ತಗ್ಗಿಸುವ ಸಾಧನ) ಅಥವಾ ಸೈಲೆನ್ಸರ್‌ ಹಿಡಿಯಬಲ್ಲ ಅಂಥ ಬ್ಯಾರೆಲ್‌ ಹಾಕಿದರೆ ಅದೊಂದೇ ಲಕ್ಷಣದಿಂದ ನಿಮ್ಮ ಗ್ಲಾಕ್‌ ರಾಜ್ಯದಲ್ಲಿ ನಿಷಿದ್ಧವಾದ ಅಸಾಲ್ಟ್‌ ವೆಪನ್‌ ಎನಿಸಿಕೊಳ್ಳುತ್ತದೆ. ಎರಡನೆಯ ಹಿಡಿಕೆ ಸೇರಿಸಿದರೂ ಅದೇ ಗತಿ. ಈ ಭಾಗಗಳನ್ನು ಮಾರುವ ಜಾಲತಾಣ ನಿಮ್ಮ ವಿಳಾಸಕ್ಕೆ ಕಳುಹಿಸಲು ಒಪ್ಪಿತೆಂಬುದು ನ್ಯಾಯಾಲಯದಲ್ಲಿ ನಿಮಗೆ ರಕ್ಷಣೆಯಾಗುವುದಿಲ್ಲ.

ಸುಲಭವಾಗಿ ಮೆಷಿನ್‌ಗನ್‌ ಆಗಿ ಪರಿವರ್ತಿಸಬಹುದಾದ ಪಿಸ್ತೂಲುಗಳನ್ನು 2026ರ ಜುಲೈ 1ರಿಂದ ಡೀಲರ್‌ಗಳು ಮಾರದಂತೆ ತಡೆಯುವ ಎಬಿ 1127 ಎಂಬ ಕಾನೂನಿಗೆ ರಾಜ್ಯಪಾಲರು 2025ರಲ್ಲಿ ಸಹಿ ಮಾಡಿದ್ದಾರೆ; ಗ್ಲಾಕ್‌ನ ವಿನ್ಯಾಸವೇ ಅದರ ಗುರಿ. ಅದು ಡೀಲರ್‌ಗಳ ಮಾರಾಟಕ್ಕೆ ಹಾಕಿದ ತಡೆ, ಈಗಾಗಲೇ ನಿಮ್ಮಲ್ಲಿರುವ ಪಿಸ್ತೂಲನ್ನು ಕಸಿದುಕೊಳ್ಳುವುದಲ್ಲ. ಇರುವುದನ್ನು ಮಾರಿ ಬೇರೆ ಕೊಳ್ಳುವ ಬದಲು ಅದನ್ನೇ ಸರಿಪಡಿಸಿಕೊಳ್ಳಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ತೆಗೆದ ಮೂಲ ಭಾಗಗಳನ್ನು ಎಣ್ಣೆ ಸವರಿ, ಚೀಟಿ ಬರೆದು ಎತ್ತಿಡಿ.

ನೀವು ಕೇಳದಿದ್ದರೂ ಎರಡು ಮಾತು ಹೇಳಲೇಬೇಕು. ಎಚ್‌-1ಬಿಯಂಥ ವೀಸಾದಲ್ಲಿರುವ ಗೆಳೆಯರನ್ನು ರೇಂಜಿಗೆ ಕರೆದೊಯ್ದು ಪಿಸ್ತೂಲನ್ನು ಅವರ ಕೈಗೆ ಕೊಡಬೇಡಿ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳ ಹೊರತು ಅವರು ಬಂದೂಕನ್ನೋ ಗುಂಡನ್ನೋ ಹೊಂದುವುದು ಫೆಡರಲ್‌ ಅಪರಾಧ. ಮತ್ತು ಕೈಲ್‌ಪೊಳ್ದ್‌ಗೋ ಪುತ್ತರಿಗೋ ಊರಿಗೆ ಹೊರಡುವಾಗ ರೇಂಜಿನ ಬ್ಯಾಗಿಗೆ ಬಟ್ಟೆ ತುಂಬಬೇಡಿ. ಭಾರತದ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕಿನ ಬಿಡಿಭಾಗವೂ ಶಸ್ತ್ರವೇ, ಮತ್ತು ಹೊಲಿಗೆಯ ಸಂದಿಯಲ್ಲಿ ಉಳಿದ ಒಂದೇ ಒಂದು ಗುಂಡು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮೊಕದ್ದಮೆ ದಾಖಲಾಗಲು ಸಾಕು.