ಅವ್ವನಲ್ಲ, ಚಿಗವ್ವ

ಆತ್ಮೀಯರೇ, ನಮಸ್ಕಾರಗಳು.

ಹುನಗುಂದದ ಕಡೆಯಿಂದ ನೀವು ಕಳುಹಿಸಿದ ‘ಜಗತ್ತಿನ ಹತ್ತಿಗೆ ತಾಯಿ ನಮ್ಮ ಜವಾರಿ’ ಎಂಬ ಲೇಖನವೂ ಅದರೊಡನೆ ಕಾಗದದಲ್ಲಿ ಸುತ್ತಿಟ್ಟಿದ್ದ ಜವಾರಿ ಹತ್ತಿಯ ಕಾಯಿಯೂ ಬಾಗಲಕೋಟೆಯ ನಮ್ಮ ಕಚೇರಿಗೆ ಬಂದು ತಲುಪಿವೆ. ಲೇಖನವನ್ನು ಎರಡು ಸಲ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ತಿದ್ದಿ ಬರೆದರೆ ಖಂಡಿತ ಪ್ರಕಟಿಸುತ್ತೇನೆ ಎಂಬ ಕಾರಣಕ್ಕೇ ಇಷ್ಟು ಉದ್ದದ ಉತ್ತರ.

ನಿಮ್ಮ ವಾದ ಹೀಗಿದೆ: ಖಂಡಗಳೆಲ್ಲ ಒಂದಾಗಿದ್ದ ಕಾಲದಲ್ಲಿ ಜವಾರಿ ಹತ್ತಿ ಎಲ್ಲೆಡೆ ಹಬ್ಬಿತ್ತು, ನೆಲ ಒಡೆದು ದೂರ ಸರಿದಾಗ ಅಮೆರಿಕದ ಪಾಲಿಗೆ ಹೋದ ಗಿಡಗಳೇ ಅಮೆರಿಕನ್ ಹತ್ತಿಯಾದವು. ಈ ವಾದ ನಿಂತಿರುವುದು ಒಂದು ಲೆಕ್ಕದ ತಪ್ಪಿನ ಮೇಲೆ. ಹತ್ತಿಯ ಕುಲವಾದ ಗಾಸಿಪಿಯಮ್ ಹುಟ್ಟಿದ್ದು 5ರಿಂದ 10 ಮಿಲಿಯನ್ ವರ್ಷಗಳ ಹಿಂದೆ ಎಂದು ಸಸ್ಯವಿಜ್ಞಾನಿಗಳು ಅಂದಾಜಿಸಿದ್ದಾರೆ; ನೀವು ಅದನ್ನು 5ರಿಂದ 10 ಕೋಟಿ ಎಂದು ಬರೆದಿದ್ದೀರಿ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ. ಹಾಗಾಗಿ ಸರಿಯಾದ ಅಂಕಿ 50 ಲಕ್ಷದಿಂದ 1 ಕೋಟಿ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕ ಬೇರ್ಪಟ್ಟು ಸುಮಾರು 10 ಕೋಟಿ ವರ್ಷಗಳಾಗಿರುವುದರಿಂದ, ಹತ್ತಿ ಹುಟ್ಟುವ ಹೊತ್ತಿಗೆ ನಡುವೆ ಸಮುದ್ರ ಬಹಳ ಹಿಂದೆಯೇ ಬಂದು ಕೂತಿತ್ತು.

ಹಾಗಾದರೆ ಹತ್ತಿ ಅತ್ತ ಹೋದದ್ದು ಹೇಗೆ? ಸಮುದ್ರ ದಾಟಿಯೇ ಹೋಗಿರಬೇಕು. ಇದು ನಿಮ್ಮ ಖಂಡಗಳ ಕಥೆಗಿಂತ ಎಷ್ಟೋ ಸ್ವಾರಸ್ಯವಾದ ಸಂಗತಿ, ನೀವದನ್ನು ಮುಟ್ಟಿಯೇ ಇಲ್ಲ. ಹವಾಯಿಯಲ್ಲಿ ಒಂದು ಕಾಡುಹತ್ತಿ ಇದೆ, ಗ್ಯಾಲಪಗೋಸ್ ದ್ವೀಪಗಳಲ್ಲಿ ಡಾರ್ವಿನ್ನನ ಹೆಸರಿನ ಇನ್ನೊಂದಿದೆ. ಎರಡೂ ಕಡಲ ತಳದಿಂದ ಜ್ವಾಲಾಮುಖಿಗಳು ಎತ್ತಿದ ದ್ವೀಪಗಳು. ಯಾವ ಖಂಡಕ್ಕೂ ಎಂದೂ ಅಂಟಿಕೊಂಡಿದ್ದವಲ್ಲ. ಕೆಲವು ಹತ್ತಿಯ ಬೀಜಗಳು ಉಪ್ಪುನೀರಿನಲ್ಲಿ ಬಹುಕಾಲ ನೆನೆದ ಮೇಲೂ ಮೊಳೆಯಬಲ್ಲವು.

ಇನ್ನು ತಾಯಿಯ ಮಾತು. ನಮ್ಮ ಭಾಗದ ಜಯಧರ ತಳಿಯಂಥ ಜವಾರಿ ಹತ್ತಿಯ ಜೀವಕೋಶದಲ್ಲಿ 26 ವರ್ಣತಂತುಗಳಿವೆ (ವಂಶಗುಣಗಳನ್ನು ಹೊತ್ತ ಎಳೆಗಳು, ಅಂದರೆ ಕ್ರೋಮೊಸೋಮುಗಳು). ಇಂದು ನಮ್ಮ ಎರೆ ಹೊಲಗಳನ್ನು ತುಂಬಿರುವ ಅಮೆರಿಕನ್ ಹತ್ತಿಯಲ್ಲಿ 52. ಆ 52ರಲ್ಲಿ ಅರ್ಧದಷ್ಟು ದೊಡ್ಡವು, ಅರ್ಧದಷ್ಟು ಚಿಕ್ಕವು. ದೊಡ್ಡವು ಆಫ್ರಿಕಾ–ಏಷ್ಯಾದ ಹತ್ತಿಯವನ್ನು ಹೋಲುತ್ತವೆ, ಚಿಕ್ಕವು ಅಮೆರಿಕದ ಕಾಡುಹತ್ತಿಯವನ್ನು ಹೋಲುತ್ತವೆ ಎಂಬುದನ್ನು ವಿಜ್ಞಾನಿ ಸ್ಕೋವ್‌ಸ್ಟೆಡ್ 1934ರಲ್ಲಿ ಗುರುತಿಸಿದರು. 1940ರಲ್ಲಿ ಬೀಸ್ಲಿ ಎಂಬ ಇನ್ನೊಬ್ಬ ವಿಜ್ಞಾನಿ ಅಂಥ ಎರಡು ಹತ್ತಿಗಳನ್ನು ಕೂಡಿಸಿ, ವರ್ಣತಂತುಗಳನ್ನು ಇಮ್ಮಡಿಗೊಳಿಸಿ, 52ರ ಗಿಡವನ್ನೇ ಮಾಡಿ ತೋರಿಸಿದರು. ನಿಸರ್ಗದಲ್ಲಿ ಈ ಕೂಡುವಿಕೆ ನಡೆದದ್ದು ಸುಮಾರು 10ರಿಂದ 20 ಲಕ್ಷ ವರ್ಷಗಳ ಹಿಂದೆ, ಮನುಷ್ಯ ಹತ್ತಿ ಬಿತ್ತುವುದಕ್ಕೆ ಬಹಳ ಮೊದಲು. ಎಲೆಗೆ ಹಸಿರು ಕೊಡುವ ಕ್ಲೋರೊಪ್ಲಾಸ್ಟ್ ಎಂಬ ಕಣ ಹತ್ತಿಯಲ್ಲಿ ತಾಯಿಗಿಡದಿಂದ ಬರುವಂಥದ್ದು, ಅಮೆರಿಕನ್ ಹತ್ತಿಯಲ್ಲಿರುವುದು ಆಫ್ರಿಕಾ–ಏಷ್ಯಾದ ಹತ್ತಿಯ ಕ್ಲೋರೊಪ್ಲಾಸ್ಟ್. ಆದ್ದರಿಂದ ತಾಯಿ ಈ ಕಡೆಯವಳೆಂಬ ನಿಮ್ಮ ಮಾತು, ನಿಮಗೆ ಅರಿವಿಲ್ಲದೆಯೇ, ಅರ್ಧ ನಿಜ. ಆದರೆ ಆ ತಾಯಿ ಇಂದಿನ ಜವಾರಿಯಲ್ಲ, ಜವಾರಿಯ ಬಳಗದ ಯಾವುದೋ ಹಳೆಯ ಕಾಡುಹತ್ತಿ. ನಮ್ಮ ಮನೆಮಾತಿನಲ್ಲಿ ಹೇಳುವುದಾದರೆ ಜವಾರಿ ಅಮೆರಿಕನ್ ಹತ್ತಿಗೆ ಅವ್ವನಲ್ಲ, ಚಿಗವ್ವ. ಆ ಚಿಗವ್ವನಾದರೂ ಹುನಗುಂದದ ಎರೆಯಲ್ಲಿ ಹುಟ್ಟಿದವಳಲ್ಲ. ಜಯಧರ ಸೇರಿರುವ ಹರ್ಬೇಸಿಯಮ್ ಪ್ರಭೇದದ ಕಾಡುರೂಪ ಇಂದಿಗೂ ಬೆಳೆಯುತ್ತಿರುವುದು ಆಫ್ರಿಕಾದ ದಕ್ಷಿಣ ಭಾಗದಲ್ಲಿ.

ನೀವು ಬಿಡಿಸಿದ ವಂಶವೃಕ್ಷದ ಚಿತ್ರ ಈ ಕಾರಣಕ್ಕೇ ಸೋಲುತ್ತದೆ. ಒಂದು ಕಾಂಡದಿಂದ ಕವಲೊಡೆದ ಕೊಂಬೆಗಳು ಮರದಲ್ಲಿ ಮತ್ತೆ ಕೂಡುವುದಿಲ್ಲ. ಹತ್ತಿಯಲ್ಲಿ ಎರಡು ಕೊಂಬೆಗಳು ಕೂಡಿ ಮೂರನೆಯದಾಗಿವೆ. ಕೃಷ್ಣೆ–ಮಲಪ್ರಭೆಯರ ಸಂಗಮವನ್ನು ಮನೆಯ ಹತ್ತಿರವೇ ಇಟ್ಟುಕೊಂಡ ನಿಮಗೆ ಬೇರೆ ಉಪಮೆ ಬೇಕಾಗಿರಲಿಲ್ಲ.

ಓದುಗರಿಗೆ ಇದನ್ನು ಹೊಲದಲ್ಲೇ ಮನಗಾಣಿಸಬಹುದು. 1840ರ ದಶಕದಲ್ಲಿ ಧಾರವಾಡ ಸೀಮೆಗೆ ಅಮೆರಿಕನ್ ಹತ್ತಿ ಬಂದ ಮೇಲೆ ಎರಡೂ ಅಕ್ಕಪಕ್ಕದ ಹೊಲಗಳಲ್ಲಿ ಬೆಳೆದಿವೆ, ಆದರೂ ಬೆರೆತು ಒಂದಾಗಲಿಲ್ಲ. ಗಿಡ ತನ್ನ ವರ್ಣತಂತುಗಳಲ್ಲಿ ಅರ್ಧವನ್ನಷ್ಟೇ ಸಂತಾನಕ್ಕೆ ಕೊಡುತ್ತದೆ; ಜವಾರಿಯಿಂದ 13, ಅಮೆರಿಕನ್ ಹತ್ತಿಯಿಂದ 26 ಸೇರಿ 39 ಆದರೆ ವರ್ಣತಂತುಗಳಿಗೆ ಸರಿಜೋಡಿ ಸಿಗದೆ ಗಿಡ ಬಂಜೆಯಾಗುತ್ತದೆ. ಅದೇ ಧಾರವಾಡದಲ್ಲಿ 1972ರಲ್ಲಿ ಹತ್ತಿ ತಳಿವಿಜ್ಞಾನಿ ಡಾ. ಕಾತರಕಿಯವರು ತಂದ ವರಲಕ್ಷ್ಮಿ ಹತ್ತಿ ಗೆದ್ದಿತು, ಏಕೆಂದರೆ ಅದರ ತಂದೆತಾಯಿಗಳೆರಡೂ 52ರ ಪ್ರಭೇದಗಳು. ವರಲಕ್ಷ್ಮಿಯನ್ನು ನೀವು ‘ಜವಾರಿ ಮತ್ತು ಅಮೆರಿಕನ್ ಹತ್ತಿಯ ಮಿಶ್ರತಳಿ’ ಎಂದದ್ದನ್ನು ದಯವಿಟ್ಟು ತೆಗೆಯಿರಿ.

ಬೂರುಗವನ್ನು ಹತ್ತಿಯ ಒಡಹುಟ್ಟು ಎಂದದ್ದೂ ಉಳಿಯುವ ಮಾತಲ್ಲ. ಕುಟುಂಬ ಒಂದೇ ನಿಜ, ಆದರೆ ಬೂರುಗ ದೂರದ ನೆಂಟ. ಅದರ ಅರಳೆ ಕಾಯಿಯ ಒಳಗೋಡೆಯಿಂದ ಬರುತ್ತದೆ, ಹತ್ತಿಯ ಎಳೆ ಬೀಜದ ಸಿಪ್ಪೆಯಿಂದಲೇ ಹೊರಡುತ್ತದೆ. ಬೆಂಡೆಯೂ ಪುಂಡಿಯೂ ಬೂರುಗಕ್ಕಿಂತ ಹತ್ತಿರದವು, ಹೂವರಸಿ ಮರ ಇನ್ನೂ ಹತ್ತಿರದ್ದು.

ನಿಮ್ಮ ಲೇಖನದಲ್ಲಿ ನನಗೆ ನಿಜವಾಗಿ ಹಿಡಿಸಿದ್ದು ನಾಲ್ಕನೆಯ ಪುಟ. ಬೆಳಿಗ್ಗೆ ಹೊಲದಲ್ಲಿ ಹಳದಿ ಹೂವನ್ನು ಬಿಡಿಸಿ, ಎಸಳಿನ ಬುಡದಲ್ಲಿ ಕೆಂಪು ಮಚ್ಚೆಯನ್ನು ಕಂಡು, ಬದುವಿನಾಚೆಯ ಅಮೆರಿಕನ್ ಹತ್ತಿಯ ಕೆನೆಬಣ್ಣದ ಹೂವಿನಲ್ಲಿ ಅದನ್ನು ಹುಡುಕಿ ಕಾಣದೆ ಹೋದ ಆ ಭಾಗದಲ್ಲಿ ಒಂದೂ ಜಂಬದ ಮಾತಿಲ್ಲ. ಲೇಖನ ಅಲ್ಲಿಂದಲೇ ಆರಂಭವಾಗಲಿ. ಕಾಯಿಯನ್ನು ತಬ್ಬಿರುವ ಮೂರು ಹಸಿರು ಪತ್ರಗಳನ್ನೂ ಸೇರಿಸಿ: ಜವಾರಿಯಲ್ಲಿ ಅವು ಅಗಲವಾಗಿ, ಅಂಚಿಗೆ ಗಿಡ್ಡ ಹಲ್ಲುಗಳಿರುತ್ತವೆ, ಅಮೆರಿಕನ್ ಹತ್ತಿಯಲ್ಲಿ ಹಲ್ಲುಗಳು ಆಳವಾಗಿ ಸೀಳಿದ ಉದ್ದ ಎಳೆಗಳಂತಿರುತ್ತವೆ. ಎಲೆಯನ್ನು ಬಿಸಿಲಿಗೆ ಹಿಡಿದರೆ ಕಾಣುವ ಕಪ್ಪು ಚುಕ್ಕೆಗಳು ಎರಡರಲ್ಲೂ ಸಾಮಾನ್ಯ.

ಹಸ್ತಪ್ರತಿಯನ್ನು ಅಂಚಿನಲ್ಲಿ ಗುರುತು ಹಾಕಿ ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ಒಂದು ತಿಂಗಳೊಳಗೆ ಎಂಟು ಪುಟ ಮೀರದಂತೆ ಬರೆದು ಕಳುಹಿಸಿ. ಹತ್ತಿಕಾಯಿ ಮಾತ್ರ ನನ್ನ ಮೇಜಿನ ಮೇಲೆಯೇ ಇರಲಿ.

ನಿಮ್ಮ ವಿಶ್ವಾಸಿ,
ಸಂಪಾದಕ