ಕೂಡದ ಮೂಳೆಗೆ ವಿದ್ಯುತ್ ಸಾರುವೆ

ಪ್ರಶ್ನೆ: ಗದ್ದೆಯ ಬದುವಿನಲ್ಲಿ ಜಾರಿ ಬಿದ್ದು ನಮ್ಮ ತಂದೆಯವರ ಮೊಣಕಾಲಿನ ಕೆಳಗಿನ ಮೂಳೆ ಮುರಿದು ಹನ್ನೊಂದು ತಿಂಗಳಾಯಿತು. ರಾಡ್ ಹಾಕಿಸಿದ್ದರೂ ಮೂಳೆ ಕೂಡಿಲ್ಲ. ವಿದ್ಯುತ್ ಹುಟ್ಟಿಸುವ ಚೌಕಟ್ಟಿನಲ್ಲಿ ಕಾಂಡಕೋಶಗಳನ್ನಿಟ್ಟು ಮೂಳೆ ಬೆಳೆಸುತ್ತಾರೆಂದು ಪರಿಚಿತರೊಬ್ಬರು ಹೇಳುತ್ತಾರೆ. ಇದು ನಿಜವೇ? ಮೈಸೂರಿನಲ್ಲಿ ಮಾಡಿಸಬಹುದೇ?
– ಓದುಗರು, ಮದ್ದೂರು ತಾಲ್ಲೂಕು

ಉತ್ತರ: ನೀವು ಕೇಳಿರುವ ವಿಚಾರ ಕಟ್ಟುಕಥೆಯಲ್ಲ, ಆದರೆ ನಿಮ್ಮ ತಂದೆಯವರ ಕಾಲಿಗೆ ಈಗಲೇ ಮಾಡಿಸಬಹುದಾದ ಚಿಕಿತ್ಸೆಯೂ ಅಲ್ಲ.

ಅಡುಗೆಮನೆಯ ಗ್ಯಾಸ್ ಲೈಟರನ್ನು ಒತ್ತಿದಾಗ ಒಳಗಿನ ಹರಳಿನ ಮೇಲೆ ಪೆಟ್ಟು ಬಿದ್ದು ಕಿಡಿ ಹಾರುವುದನ್ನು ನೀವು ದಿನವೂ ನೋಡುತ್ತೀರಿ. ಮೂಳೆಯನ್ನು ಒತ್ತಿದಾಗಲೂ ಅದೇ ಬಗೆಯಲ್ಲಿ, ಆದರೆ ಅತ್ಯಲ್ಪ ಪ್ರಮಾಣದಲ್ಲಿ, ವಿದ್ಯುದಾವೇಶ ಹುಟ್ಟುತ್ತದೆಂದು ಜಪಾನಿನ ಫುಕಾಡ ಮತ್ತು ಯಸುದ 1957ರಲ್ಲಿ ತೋರಿಸಿದರು. ಮೂಳೆಯಲ್ಲಿರುವ ಕೊಲಾಜೆನ್ ಎಂಬ ನಾರು ಇದಕ್ಕೆ ಕಾರಣ. ಈ ಗುಣವನ್ನೇ ಕೃತಕವಾಗಿ ಒದಗಿಸುವುದು ಸಂಶೋಧಕರ ಉದ್ದೇಶ. ಪಿವಿಡಿಎಫ್ ಅಥವಾ ಪಿಎಲ್‌ಎಲ್‌ಎ ಎಂಬ, ಪ್ಲಾಸ್ಟಿಕ್ ಬಗೆಯ ಪಾಲಿಮರುಗಳನ್ನು ಕೂದಲಿಗಿಂತ ಎಷ್ಟೋ ಸಣ್ಣ ಎಳೆಗಳಾಗಿ ನೂತು ಸಾರುವೆ, ಅಂದರೆ ನೀವು ಹೇಳಿದ ಚೌಕಟ್ಟು, ಕಟ್ಟುತ್ತಾರೆ; ಚಪ್ಪರದವರೆ ಬಳ್ಳಿ ಚಪ್ಪರಕ್ಕೆ ಹಬ್ಬುವಂತೆ, ಅಸ್ಥಿಮಜ್ಜೆಯಿಂದ ತೆಗೆದ ಕಾಂಡಕೋಶಗಳು (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳು) ಅದರ ಮೇಲೆ ಹಬ್ಬುತ್ತವೆ. ಸಾರುವೆ ಅದುಮಿದಾಗ ಹುಟ್ಟುವ ವಿದ್ಯುತ್ತಿಗೆ ಕೋಶದ ಪೊರೆಯಲ್ಲಿರುವ ಕ್ಯಾಲ್ಸಿಯಂ ಬಾಗಿಲುಗಳು ತೆರೆದುಕೊಂಡು, ಒಳನುಗ್ಗಿದ ಕ್ಯಾಲ್ಸಿಯಂ ಆ ಕೋಶವನ್ನು ಮೂಳೆಕೋಶವಾಗುವ ದಾರಿಗೆ ಹಚ್ಚಬಲ್ಲದು.

ತೊಡಕಿರುವುದು ಇಲ್ಲಿಯೇ. ಪಿವಿಡಿಎಫ್ ಚೆನ್ನಾಗಿ ವಿದ್ಯುತ್ ಹುಟ್ಟಿಸುತ್ತದೆ, ಆದರೆ ದೇಹದಲ್ಲಿ ಕರಗುವುದಿಲ್ಲ. ಪಿಎಲ್‌ಎಲ್‌ಎ ನಿಧಾನವಾಗಿ ಕರಗುತ್ತದೆ, ಆದರೆ ಅದರ ವಿದ್ಯುತ್ ದುರ್ಬಲ. ಹೊಸ ಮೂಳೆ ಭಾರ ಹೊರುವಷ್ಟು ಗಟ್ಟಿಯಾಗುವ ಮೊದಲೇ ಸಾರುವೆ ಕರಗಬಾರದು, ಆಮೇಲೆ ಉಳಿಯಲೂಬಾರದು. ಹೊರಗಿನಿಂದ ವಿದ್ಯುತ್ ಹಾಯಿಸಿದರೆ, ಅದು ಹೆಚ್ಚಾದಾಗ ಕೋಶಗಳು ಸಾಯುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿಯನ್ನು ಬಿಟ್ಟರೆ ಕಾಂಡಕೋಶದ ಬಳಕೆ ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ ನಡೆಯಬೇಕು. ಆದ್ದರಿಂದ ಮೈಸೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಯಾರಾದರೂ ಇದಕ್ಕೆ ಲಕ್ಷಗಟ್ಟಲೆ ಹಣ ಕೇಳಿದರೆ ದಯವಿಟ್ಟು ಗದ್ದೆ ಅಡವಿಡಬೇಡಿ.

ನಿಮಗೆ ಬೇರೆ ದಾರಿಯಿದೆ. ಸೊಂಟದ ಮೂಳೆಯಿಂದ ತೆಗೆದ ಚೂರನ್ನು ಮುರಿದ ಜಾಗಕ್ಕೆ ತುಂಬುವ ಮೂಳೆಕಸಿಯನ್ನು ವೈದ್ಯರು ದಶಕಗಳಿಂದ ಮಾಡುತ್ತಿದ್ದಾರೆ. ಆ ಚೂರಿನಲ್ಲಿ ರೋಗಿಯದೇ ಕಾಂಡಕೋಶಗಳೂ ಇರುತ್ತವೆ, ಕೊಲಾಜೆನ್ನಿನ ಸಾರುವೆಯೂ ಇರುತ್ತದೆ. ಅದಕ್ಕೆ ಮುನ್ನ ಮುರಿದ ಜಾಗದಲ್ಲಿ ಸೋಂಕಿದೆಯೇ, ರಾಡ್ ಸಡಿಲವಾಗಿದೆಯೇ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ ಎಂಬುದನ್ನು ನೋಡಿಸಬೇಕು. ತಂದೆಯವರು ಬೀಡಿ ಸೇದುತ್ತಿದ್ದರೆ ಇಂದೇ ಬಿಡಿಸಿ. ಅದು ಮೂಳೆ ಕೂಡುವುದನ್ನು ತಡೆಯುತ್ತದೆ. ಮೂಳೆ ತಜ್ಞರ ಬಳಿಗೆ ಹೋಗುವಾಗ ಮೊದಲ ದಿನದಿಂದ ಇಂದಿನವರೆಗಿನ ಎಲ್ಲ ಎಕ್ಸ್‌ರೇಗಳನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿಕೊಂಡು ಹೋಗಿ.